ಪುಡಿಯಿಂದ ಹರಳಿಗೆ: ಗ್ರ್ಯಾನ್ಯುಲೇಟರ್ ಆರಿಸುವುದು, ನಡೆಸುವುದು ಹೇಗೆ?

ಪುಡಿ ತುಂಬಿದ ಹಾಪರ್ (ಆಲಿಕೆಯಾಕಾರದ ದೊಡ್ಡ ತೊಟ್ಟಿ) ಪಕ್ಕ ಒಮ್ಮೆ ನಿಂತು ನೋಡಿ. ಕೆಳಗಿನ ಬಾಯಿ ತೆರೆದಿದೆ, ಆದರೆ ಏನೂ ಬೀಳುತ್ತಿಲ್ಲ. ಒಳಗೆ ಪುಡಿ ಕಮಾನು ಕಟ್ಟಿ ನಿಂತಿದೆ. ಆಪರೇಟರ್ ಸುತ್ತಿಗೆ ತಂದು ಗೋಡೆಗೆ ಎರಡು ಏಟು ಕೊಡುತ್ತಾರೆ. ದಬಕ್ಕನೆ ಒಂದಿಷ್ಟು ಬೀಳುತ್ತದೆ, ದೂಳು ಏಳುತ್ತದೆ, ಮತ್ತೆ ನಿಲ್ಲುತ್ತದೆ. ಹಾಪರ್ ಗೋಡೆಯ ಮೇಲೆ ಸುತ್ತಿಗೆಯ ತಗ್ಗುಗಳು ಕಂಡರೆ ಸಾಕು, ಆ ಪುಡಿ ಎಷ್ಟು ಕಾಟ ಕೊಡುತ್ತಿದೆ ಎಂದು ಯಾರೂ ಹೇಳಬೇಕಿಲ್ಲ.

ಪುಡಿಯನ್ನು ಹರಳು ಮಾಡುವುದು ಈ ಕಾಟ ತಪ್ಪಿಸೋದಕ್ಕೆ. ಆ ಕೆಲಸ ಮಾಡುವ ಯಂತ್ರವೇ ಗ್ರ್ಯಾನ್ಯುಲೇಟರ್. ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಕಣವಾದರೆ ಅವು ಉರುಳುತ್ತವೆ, ಹರಿಯುತ್ತವೆ. ದೂಳು ಕಡಿಮೆಯಾಗುತ್ತದೆ. ನಾಲ್ಕಾರು ಪುಡಿ ಬೆರೆಸಿದ್ದರೆ, ಸಾಗಿಸುವಾಗ ಸಣ್ಣದು ಕೆಳಗೆ, ದಪ್ಪದ್ದು ಮೇಲೆ ಅಂತ ಬೇರೆಯಾಗುವುದು ತಪ್ಪುತ್ತದೆ, ಯಾಕೆಂದರೆ ಎಲ್ಲವೂ ಒಂದೇ ಹರಳಿನೊಳಗೆ ಸಿಕ್ಕಿಹಾಕಿಕೊಂಡಿರುತ್ತವೆ. ಮಾತ್ರೆ, ಗೊಬ್ಬರ, ಬಟ್ಟೆ ಒಗೆಯುವ ಪುಡಿ, ಕೀಟನಾಶಕ, ಸೆರಾಮಿಕ್, ಕಬ್ಬಿಣದ ಅದಿರು ಹೀಗೆ ಈ ಕೆಲಸ ಇಲ್ಲದ ಉದ್ಯಮ ಹುಡುಕುವುದೇ ಕಷ್ಟ.

ಒಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಪ್ಲಾಸ್ಟಿಕ್ ಉದ್ಯಮದವರು ಗ್ರ್ಯಾನ್ಯುಲೇಟರ್ ಅಂದರೆ ಅದು ಕತ್ತರಿಸುವ ಯಂತ್ರ. ತಿರುಗುವ ರೋಟರ್‌ನಲ್ಲಿ ಬ್ಲೇಡುಗಳು, ಎದುರಿಗೆ ಕದಲದ ಬ್ಲೇಡುಗಳು, ಕೆಳಗೆ ತೂತಿನ ಜರಡಿ. ವೇಸ್ಟ್ ಪ್ಲಾಸ್ಟಿಕ್ ತುಂಡಾಗಿ, ಜರಡಿಯ ತೂತು ದಾಟುವಷ್ಟು ಚಿಕ್ಕದಾದ ಮೇಲೆ ಕೆಳಗೆ ಬೀಳುತ್ತದೆ. ಅಲ್ಲಿ ದೊಡ್ಡದನ್ನು ಚಿಕ್ಕದು ಮಾಡುತ್ತಾರೆ, ಇಲ್ಲಿ ಚಿಕ್ಕದನ್ನು ದೊಡ್ಡದು ಮಾಡುತ್ತೇವೆ. ಹೆಸರು ಒಂದೇ ಆದರೂ ಕೆಲಸ ತದ್ವಿರುದ್ಧ. ಯಂತ್ರ ವಿಚಾರಿಸುವಾಗ ಇದನ್ನು ಬಿಡಿಸಿ ಹೇಳಿ. ಈ ಲೇಖನ ಎರಡನೆಯದರ ಬಗ್ಗೆ ಮಾತ್ರ.

ಹಂತ 1: ಮೊದಲು ಪುಡಿಯನ್ನು ಓದಿ

ಯಂತ್ರದ ಕ್ಯಾಟಲಾಗ್ ಪಕ್ಕಕ್ಕಿಡಿ. 100 ಮಿ.ಲೀ. ಅಳತೆ ಜಾಡಿ ತಗೊಳ್ಳಿ. ಅದರೊಳಗೆ ಪುಡಿಯನ್ನು ಮೆಲ್ಲಗೆ, ಒತ್ತದೆ, 100ರ ಗೆರೆಯವರೆಗೆ ಸುರಿಯಿರಿ. ಆಮೇಲೆ ಮೇಜಿನ ಮೇಲೆ ಒಂದೇ ಸಮನೆ ಕುಟ್ಟುತ್ತಾ ಹೋಗಿ, ಮಟ್ಟ ಇನ್ನು ಇಳಿಯದು ಅನ್ನುವವರೆಗೆ. 100 ಇದ್ದದ್ದು 72ಕ್ಕೆ ಇಳಿದರೆ ಆ ಪುಡಿಯ ಕಾರ್ ಸೂಚ್ಯಂಕ (ಕುಟ್ಟಿದಾಗ ಮಟ್ಟ ಶೇಕಡಾ ಎಷ್ಟು ಇಳಿಯಿತು ಎಂಬ ಅಂಕಿ) 28. ಅಂದರೆ ಹರಿವು ಕೆಟ್ಟದು. 15ರ ಒಳಗಿದ್ದರೆ ಚೆನ್ನಾಗಿ ಹರಿಯುತ್ತದೆ. ಹರಳು ಮಾಡಿದ ಮೇಲೆ ಇದೇ ಪರೀಕ್ಷೆ ಮತ್ತೆ ಮಾಡಿ. ಯಂತ್ರ ಕೆಲಸ ಮಾಡಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಬೇರೆ ಇಲ್ಲ.

ಇನ್ನೊಂದು, ಪುಡಿಯನ್ನು ಆಲಿಕೆಯಿಂದ ಗುಡ್ಡೆಯಾಗಿ ಸುರಿದು ಅದರ ಇಳಿಜಾರಿನ ಕೋನ ಅಳೆಯುವುದು. 30 ಡಿಗ್ರಿ ಆಸುಪಾಸಿದ್ದರೆ ಸಲೀಸು. 45 ದಾಟಿದರೆ ತೊಂದರೆ ಗ್ಯಾರಂಟಿ.

ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪುಡಿ ನೀರು ತಡೆಯುತ್ತದಾ? ಬಿಸಿ ತಡೆಯುತ್ತದಾ? ನೀರಲ್ಲಿ ಎಷ್ಟು ಕರಗುತ್ತದೆ? ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಜಾಸ್ತಿ ಕರಗುವ ಪುಡಿಗೆ ಒಂದು ಹನಿ ನೀರು ಎರಡು ಹನಿಯಷ್ಟು ಕೆಲಸ ಮಾಡುತ್ತದೆ, ಯಾಕೆಂದರೆ ಕರಗಿದ ಭಾಗವೂ ದ್ರವವಾಗಿ ಸೇರಿಕೊಳ್ಳುತ್ತದೆ. ಅಂಥ ಪುಡಿ ಒಂದು ಕ್ಷಣ ಒಣಗಿದ ಹಾಗೆ ಕಂಡು, ಮರುಕ್ಷಣ ಮುದ್ದೆಯಾಗಿಬಿಡುತ್ತದೆ.

ಗಾಳಿಯ ತೇವವನ್ನೂ ಲೆಕ್ಕಕ್ಕೆ ತಗೊಳ್ಳಿ. ಯೂರಿಯಾ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 73 ಶೇಕಡಾ ಸಾಪೇಕ್ಷ ಆರ್ದ್ರತೆ ದಾಟಿದರೆ ಗಾಳಿಯಿಂದಲೇ ನೀರು ಹೀರುತ್ತದೆ. ಅಮೋನಿಯಂ ನೈಟ್ರೇಟ್‌ಗೆ ಈ ಮಿತಿ 60ರ ಹತ್ತಿರ. ಇಂಥ ವಸ್ತುವನ್ನು ಎಷ್ಟೇ ಚೆಂದದ ಹರಳು ಮಾಡಿ, ತೆರೆದಿಟ್ಟರೆ ಗಟ್ಟಿ ಹೆಂಟೆಯಾಗುತ್ತದೆ.

ಹಂತ 2: ಎಂಥ ಹರಳು ಬೇಕು? ಬರೆದಿಡಿ

ಒಂದು ಹಾಳೆಯಲ್ಲಿ ಬರೆಯಿರಿ: ಗಾತ್ರ, ಗಟ್ಟಿತನ, ಎಷ್ಟು ಬೇಗ ಕರಗಬೇಕು, ಎಷ್ಟು ತೇವ ಉಳಿಯಬಹುದು. ಮಾತ್ರೆ ಒತ್ತಲು ಬಳಸುವ ಹರಳು ಸಾಮಾನ್ಯವಾಗಿ 0.2ರಿಂದ 0.5 ಮಿ.ಮೀ. ಗೊಬ್ಬರದ ಹರಳು ಹೆಚ್ಚಾಗಿ 2ರಿಂದ 4 ಮಿ.ಮೀ. ಕುಲುಮೆಗೆ ಹೋಗುವ ಕಬ್ಬಿಣದ ಅದಿರಿನ ಉಂಡೆ 9ರಿಂದ 16 ಮಿ.ಮೀ. ಈ ಮೂರಕ್ಕೂ ಒಂದೇ ಯಂತ್ರ ಸಾಲುವುದಿಲ್ಲ, ಅಲ್ವಾ? "ಒಳ್ಳೆಯ ಗ್ರ್ಯಾನ್ಯುಲೇಟರ್ ಯಾವುದು?" ಎಂಬ ಪ್ರಶ್ನೆಗೆ ಉತ್ತರ ಈ ಹಾಳೆಯಲ್ಲಿದೆ, ಮಾರುವವರ ಹತ್ತಿರ ಇಲ್ಲ.

ಹಂತ 3: ಯಂತ್ರ ಆರಿಸಿ

ನೀರು ಅಥವಾ ಬಿಸಿ ಆಗದ ಪುಡಿಗೆ ಒಣ ವಿಧಾನ. ಇದರ ಯಂತ್ರ ರೋಲರ್ ಕಾಂಪ್ಯಾಕ್ಟರ್. ಎದುರುಬದುರು ತಿರುಗುವ ಎರಡು ರೋಲರ್ ನಡುವೆ ಪುಡಿ ಸಿಕ್ಕಿ, ಒತ್ತಡಕ್ಕೆ ಚಪ್ಪಟೆ ಪಟ್ಟಿಯಾಗಿ ಹೊರಬರುತ್ತದೆ. ಆ ಪಟ್ಟಿಯನ್ನು ಮಿಲ್‌ನಲ್ಲಿ ಒಡೆದು, ಜರಡಿ ಹಿಡಿದರೆ ಹರಳು. ಒಣಗಿಸುವ ಕೆಲಸವೇ ಇಲ್ಲ, ಅದು ದೊಡ್ಡ ಲಾಭ. ಆದರೆ ಹಗುರ ಪುಡಿಯಲ್ಲಿ ಗಾಳಿ ತುಂಬಿರುತ್ತದೆ. ರೋಲರ್ ಒತ್ತಿದಾಗ ಆ ಗಾಳಿ ಹಿಂದಕ್ಕೆ ನುಗ್ಗಿ ಪುಡಿಯನ್ನು ತಳ್ಳುತ್ತದೆ. ಆಗ ಪಟ್ಟಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೊಳ್ಳು. ಹೀಗಾದರೆ ರೋಲರ್ ವೇಗ ಇಳಿಸಿ, ಅಥವಾ ಫೀಡ್ ಸ್ಕ್ರೂ ಹತ್ತಿರ ವ್ಯಾಕ್ಯೂಮ್‌ನಿಂದ ಗಾಳಿ ಎಳೆಯುವ ವ್ಯವಸ್ಥೆ ಇರುವ ಯಂತ್ರ ನೋಡಿ. ರೋಲರ್ ಅಂಚಿನಿಂದ ಸೋರುವ ಪುಡಿಯ ಪ್ರಮಾಣವನ್ನೂ ತೂಗಿ ನೋಡಿ. ಮಾತ್ರೆ ಮಾಡುವವರಿಗೆ ಇನ್ನೊಂದು ಮಾತು: ರೋಲರ್‌ನಲ್ಲಿ ಜಾಸ್ತಿ ಒತ್ತಿದ ಹರಳು ಮಾತ್ರೆಯ ಪ್ರೆಸ್‌ನಲ್ಲಿ ಮತ್ತೆ ಚೆನ್ನಾಗಿ ಕಚ್ಚಿಕೊಳ್ಳುವುದಿಲ್ಲ. ಸಾಕಾಗುವಷ್ಟೇ ಒತ್ತಿ.

ಟನ್‌ಗಟ್ಟಲೆ ಉತ್ಪಾದನೆಗೆ ಡ್ರಮ್ ಮತ್ತು ಡಿಸ್ಕ್. ಡಿಸ್ಕ್ ನನಗೆ ಬಹಳ ಇಷ್ಟದ ಯಂತ್ರ, ಕಣ್ಣೆದುರೇ ಎಲ್ಲ ನಡೆಯುತ್ತದೆ. ದೊಡ್ಡ ತಟ್ಟೆಯೊಂದನ್ನು 45 ಡಿಗ್ರಿ ಆಸುಪಾಸು ಓರೆಯಾಗಿಟ್ಟು ತಿರುಗಿಸುತ್ತಾರೆ. ಪುಡಿ ಬೀಳುತ್ತಿರುತ್ತದೆ, ನೀರು ಸಿಂಪಡಿಕೆ ಆಗುತ್ತಿರುತ್ತದೆ. ಸಣ್ಣ ಕಣಗಳು ತಟ್ಟೆಗೆ ಅಂಟಿಕೊಂಡ ಹಾಗೆ ಮೇಲಿನವರೆಗೆ ಹೋಗಿ ಉರುಳುತ್ತವೆ. ದೊಡ್ಡವಾದಂತೆ ಅವು ರಾಶಿಯ ಮೇಲ್ಪದರಕ್ಕೆ ತೇಲಿ ಬಂದು, ಕೆಳ ಅಂಚಿನಿಂದ ಹೊರಕ್ಕೆ ಜಿಗಿಯುತ್ತವೆ. ಯಂತ್ರವೇ ಗಾತ್ರ ವಿಂಗಡಿಸುತ್ತದೆ, ಹಾಗಾಗಿ ಬರುವ ಉಂಡೆಗಳು ಬಹುಪಾಲು ಒಂದೇ ಅಳತೆ. ಓರೆ ಜಾಸ್ತಿ ಮಾಡಿದರೆ ಒಳಗಿರುವ ಸಮಯ ಕಡಿಮೆ, ಉಂಡೆ ಚಿಕ್ಕದು. ಅಂಚಿನ ಎತ್ತರ ಏರಿಸಿದರೆ ಉಂಡೆ ದೊಡ್ಡದು.

ವೇಗಕ್ಕೆ ಒಂದು ಲೆಕ್ಕ ಇದೆ. ಓರೆ ಕೋನದ ಸೈನ್ ಅನ್ನು ಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿ, ವರ್ಗಮೂಲ ತೆಗೆದು, 42.3ರಿಂದ ಗುಣಿಸಿ. ಬರುವುದು ಕ್ರಿಟಿಕಲ್ ವೇಗ, ಅಂದರೆ ವಸ್ತು ಉರುಳದೆ ತಟ್ಟೆಯ ಜೊತೆಗೇ ಸುತ್ತುವ ವೇಗ. 3 ಮೀಟರ್ ತಟ್ಟೆ, 45 ಡಿಗ್ರಿ ಓರೆಗೆ ಇದು ನಿಮಿಷಕ್ಕೆ ಸುಮಾರು 20 ಸುತ್ತು. ನಡೆಸಬೇಕಾದದ್ದು ಅದರ ಅರ್ಧದಿಂದ ಮುಕ್ಕಾಲು ಭಾಗದಲ್ಲಿ, ಅಂದರೆ 10ರಿಂದ 15 ಸುತ್ತು.

ಡ್ರಮ್‌ನಲ್ಲಿ (ಅದು ಮಲಗಿಸಿ ತಿರುಗಿಸುವ ದೊಡ್ಡ ಉರುಳೆ) ಈ ವಿಂಗಡಣೆ ಇಲ್ಲ. ಸಣ್ಣದು, ದೊಡ್ಡದು, ಪುಡಿ ಎಲ್ಲ ಒಟ್ಟಿಗೆ ಹೊರಬರುತ್ತದೆ. ಜರಡಿ ಹಿಡಿದು, ದೊಡ್ಡದನ್ನು ಪುಡಿ ಮಾಡಿ, ಸಣ್ಣದರ ಜೊತೆ ಡ್ರಮ್‌ಗೆ ವಾಪಸ್ ಕಳಿಸುತ್ತಾರೆ. ಗೊಬ್ಬರ ಕಾರ್ಖಾನೆಯಲ್ಲಿ ಹೀಗೆ ವಾಪಸ್ ಹೋಗುವುದು ಹೊರಗೆ ಹೋಗುವ ಮಾಲಿನ ಎರಡು ಮೂರು ಪಟ್ಟು ಇರುವುದೂ ಉಂಟು. ಡ್ರಮ್ ನಡೆಸುವವರನ್ನು ಸುಸ್ತು ಮಾಡುವುದೇ ಇದು. ಹರಳು ದಪ್ಪ ಬಂತು ಅಂತ ನೀರು ಇಳಿಸುತ್ತೀರಿ. ಅಷ್ಟರಲ್ಲಿ ದಪ್ಪ ಹರಳೆಲ್ಲ ಪುಡಿಯಾಗಿ ವಾಪಸ್ ಬಂದಿರುತ್ತದೆ. ಪುಡಿ ಜಾಸ್ತಿ, ನೀರು ಕಮ್ಮಿ. ಈಗ ಬರುವುದು ಬರೀ ದೂಳು. ಗಾಬರಿಯಾಗಿ ನೀರು ಏರಿಸಿದರೆ ಮತ್ತೆ ದಪ್ಪ. ಉಯ್ಯಾಲೆ ಶುರು. ಇದಕ್ಕೆ ಮದ್ದು ತಾಳ್ಮೆ. ವಾಪಸ್ ಹೋದ ಮಾಲು ಒಂದು ಸುತ್ತು ಮುಗಿಸಿ ಬರಲು ಎಷ್ಟು ನಿಮಿಷ ಬೇಕು ಎಂದು ಅಳೆದುಕೊಳ್ಳಿ. ಒಂದೇ ಒಂದು ಚಿಕ್ಕ ಬದಲಾವಣೆ ಮಾಡಿ. ಆ ಸುತ್ತು ಮುಗಿಯುವವರೆಗೆ ಕೈ ಕಟ್ಟಿ ನಿಲ್ಲಿ.

ಔಷಧ ಮತ್ತು ಸೂಕ್ಷ್ಮ ರಾಸಾಯನಿಕಗಳಲ್ಲಿ ಹೆಚ್ಚು ಕಾಣುವುದು ಹೈ ಶಿಯರ್ ಮಿಕ್ಸರ್ ಮತ್ತು ಫ್ಲೂಯಿಡ್ ಬೆಡ್. ಮೊದಲನೆಯದರಲ್ಲಿ ಬಟ್ಟಲಿನ ತಳದಲ್ಲಿ ದೊಡ್ಡ ಅಲಗು ತಿರುಗುತ್ತದೆ, ಪಕ್ಕದಲ್ಲಿ ಚಾಪರ್ ಎಂಬ ಚಿಕ್ಕ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಗಂಟುಗಳನ್ನು ಒಡೆಯುತ್ತದೆ. ಹರಳು ಗಟ್ಟಿ, ಸಾಂದ್ರ. ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಕೆಳಗಿನಿಂದ ಬಿಸಿ ಗಾಳಿ ಊದಿ ಪುಡಿಯನ್ನು ತೇಲಿಸುತ್ತಾರೆ, ಮೇಲಿನಿಂದ ಅಂಟು ಸಿಂಪಡಿಸುತ್ತಾರೆ. ಪುಡಿಯನ್ನು ಗಾಳಿಯಲ್ಲಿ ತೇಲಿಸಿ ಹೀಗೆ ಲೇಪಿಸುವ, ಹರಳು ಮಾಡುವ ವಿಧಾನದ ಬಗ್ಗೆ ಅಮೆರಿಕದ ಔಷಧ ವಿಜ್ಞಾನಿ ಡೇಲ್ ವುರ್ಸ್ಟರ್ 1959 ಮತ್ತು 1960ರಲ್ಲಿ ಪ್ರಕಟಿಸಿದರು. ಬೆರೆಸುವುದು, ಹರಳು ಕಟ್ಟುವುದು, ಒಣಗಿಸುವುದು ಎಲ್ಲ ಒಂದೇ ಪಾತ್ರೆಯಲ್ಲಿ. ಹರಳು ರಂಧ್ರಮಯ, ಬೇಗ ಕರಗುತ್ತದೆ. ನೀರಿಗೆ ಹಾಕಿದ ಕೂಡಲೇ ಕರಗಬೇಕಾದ ಪುಡಿಗೆ ನಾನು ಇದನ್ನೇ ಹೇಳುತ್ತೇನೆ.

ಒಂದೇ ದಪ್ಪದ ಸಣ್ಣ ಗುಂಡುಗಳು ಬೇಕಿದ್ದರೆ, ಒದ್ದೆ ಹಿಟ್ಟನ್ನು ತೂತಿನ ತಟ್ಟೆಯಿಂದ ಎಳೆಗಳಾಗಿ ಒತ್ತಿ ತೆಗೆದು, ತಿರುಗುವ ಗೀರುತಟ್ಟೆಯ ಮೇಲೆ ಉರುಳಿಸುವ ಎಕ್ಸ್‌ಟ್ರೂಡರ್ ಮತ್ತು ಸ್ಫೆರೊನೈಸರ್ ಜೋಡಿ ಇದೆ.

ಹಂತ 4: ಅಂಟು ಮತ್ತು ನೀರು. ಇಲ್ಲೇ ಎಲ್ಲ ಕೆಡುವುದು

ಅಂಟು ಪುಡಿಗೆ ತಕ್ಕಂತೆ. ಔಷಧದಲ್ಲಿ ಪಿವಿಪಿ (ನೀರಲ್ಲಿ ಕರಗುವ ಒಂದು ಪಾಲಿಮರ್) ಅಥವಾ ಪಿಷ್ಟದ ಗಂಜಿ, ಅದಿರಿಗೆ ಶೇಕಡಾ 1ರ ಒಳಗಿನ ಬೆಂಟೊನೈಟ್ ಜೇಡಿ, ಇನ್ನು ಕೆಲವಕ್ಕೆ ಲಿಗ್ನೊಸಲ್ಫೊನೇಟ್ (ಮರದ ತಿರುಳು ತೆಗೆಯುವಾಗ ಸಿಗುವ ಉಪ ಉತ್ಪನ್ನ) ಅಥವಾ ಕಾಕಂಬಿ. ಅಂಟಿನ ಆಯ್ಕೆಗಿಂತ ಹೆಚ್ಚು ಬ್ಯಾಚ್ ಕೆಡಿಸುವುದು ನೀರಿನ ಪ್ರಮಾಣ.

ಒಳಗೆ ಏನಾಗುತ್ತದೆ ನೋಡಿ. ಮೊದಲು ಸ್ವಲ್ಪ ನೀರು ಎರಡು ಕಣಗಳ ನಡುವೆ ಸಣ್ಣ ಸೇತುವೆಯಂತೆ ನಿಲ್ಲುತ್ತದೆ. ಇನ್ನಷ್ಟು ಹಾಕಿದರೆ ಸೇತುವೆಗಳು ಕೂಡಿಕೊಳ್ಳುತ್ತವೆ, ನಡುವೆ ಗಾಳಿ ಉಳಿದಿರುತ್ತದೆ. ಮತ್ತೂ ಹಾಕಿದರೆ ಎಲ್ಲ ಸಂದುಗಳೂ ತುಂಬಿ ಹರಳು ಬಲು ಗಟ್ಟಿ. ಅದನ್ನೂ ದಾಟಿದರೆ ಕೆಸರು. ನ್ಯೂವಿಟ್ ಮತ್ತು ಕಾನ್ವೇ-ಜೋನ್ಸ್ ಎಂಬ ಸಂಶೋಧಕರು 1958ರಲ್ಲಿ ಈ ಹಂತಗಳನ್ನು ವಿವರಿಸಿದರು, ಇಂದಿಗೂ ನಾವು ಆ ಕಣ್ಣಿನಿಂದಲೇ ನೋಡುತ್ತೇವೆ. ತೊಂದರೆ ಏನೆಂದರೆ, ಮೂರನೆಯ ಹಂತಕ್ಕೂ ಕೆಸರಿಗೂ ನಡುವೆ ಬಹಳ ಸಲ ಒಂದೆರಡು ಶೇಕಡಾ ನೀರಿನ ಅಂತರ ಮಾತ್ರ.

ಹೈ ಶಿಯರ್ ಮಿಕ್ಸರ್‌ನಲ್ಲಿ ಹದ ತಿಳಿಯಲು ಎರಡು ದಾರಿ. ಒಂದು ಮೋಟಾರ್ ಎಳೆಯುವ ಕರೆಂಟ್. ನೀರು ಸೇರುತ್ತಾ ಹೋದಂತೆ ಅದು ಏರುತ್ತದೆ, ಒಂದು ಮಟ್ಟದಲ್ಲಿ ನಿಧಾನವಾಗುತ್ತದೆ, ನೀರು ಅತಿಯಾದರೆ ಮತ್ತೆ ಸರ್ರನೆ ಏರುತ್ತದೆ. ಆ ನಿಧಾನದ ಜಾಗ ನಿಮ್ಮ ಹದ.

ಎರಡನೆಯ ದಾರಿ ನಿಮ್ಮ ಕೈ. ಯಂತ್ರ ಪೂರ್ತಿ ನಿಲ್ಲಿಸಿ, ಇಂಟರ್‌ಲಾಕ್ (ಯಂತ್ರ ನಿಲ್ಲುವವರೆಗೆ ಮುಚ್ಚಳ ತೆರೆಯಗೊಡದ ಸುರಕ್ಷತಾ ಬೀಗ) ಬಿಟ್ಟ ಮೇಲೆ, ಗ್ಲೌಸ್ ಹಾಕಿ ಒಂದು ಹಿಡಿ ತೆಗೆಯಿರಿ. ಮುಷ್ಟಿ ಬಿಗಿಯಾಗಿ ಹಿಡಿದು ಬಿಡಿ. ಬೆರಳಿನ ಗುರುತು ಸಮೇತ ಒಂದು ಉಂಡೆ ನಿಲ್ಲಬೇಕು. ಈಗ ಹೆಬ್ಬೆರಳಿನಿಂದ ನಡುವೆ ಒತ್ತಿ. ಸ್ವಚ್ಛವಾಗಿ ಎರಡು ಮೂರು ತುಂಡಾದರೆ ಹದ ಬಂದಿದೆ. ಮುಷ್ಟಿ ಬಿಟ್ಟ ಕೂಡಲೇ ಪುಡಿಯಾಗಿ ಜಾರಿದರೆ ನೀರು ಸಾಲದು. ಹೆಬ್ಬೆರಳು ಒತ್ತಿದಲ್ಲಿ ತುಂಡಾಗದೆ ಗುಳಿ ಬಿದ್ದರೆ, ಗ್ಲೌಸ್ ಮೇಲೆ ಒದ್ದೆ ಹೊಳಪು ಉಳಿದರೆ, ಮೀರಿದೆ.

ನಾನು ಕೆಲಸ ಕಲಿಯುತ್ತಿದ್ದಾಗ ಇಂಥ ಒಂದು ಬ್ಯಾಚ್ ಮೀರಿಸಿದ್ದೆ. ಮುಷ್ಟಿಯಲ್ಲಿ ಉಂಡೆ ನಿಂತಿತು, ಅದಷ್ಟೇ ನೋಡಿದೆ, ಹೆಬ್ಬೆರಳಿನ ಪರೀಕ್ಷೆ ಬಿಟ್ಟೆ. ಹರಳು ನೋಡಲು ಬಹಳ ಚೆನ್ನಾಗಿತ್ತು, ಗುಂಡಗೆ, ಒಂದೇ ಸಮ. ಆದರೆ ಅದರ ಮಾತ್ರೆಗಳು ನೀರಿನಲ್ಲಿ ಒಡೆಯಲೇ ಇಲ್ಲ. ಪರೀಕ್ಷೆಯ ಬುಟ್ಟಿಯಲ್ಲಿ ಆರು ಮಾತ್ರೆಗಳೂ ಕಲ್ಲಿನ ಹಾಗೆ ಮೇಲೆ ಕೆಳಗೆ ಹೋಗುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಮ್ಮೆ ಮೀರಿದ ಹದವನ್ನು ಒಣಪುಡಿ ಸೇರಿಸಿ ಸರಿಮಾಡಲು ಹೋಗಬೇಡಿ. ಸೂತ್ರದ ಲೆಕ್ಕ ತಪ್ಪುತ್ತದೆ, ಒಳಗಿನ ಗಟ್ಟಿ ಹರಳು ಗಟ್ಟಿಯಾಗಿಯೇ ಉಳಿಯುತ್ತದೆ.

ನೀರನ್ನು ಒಮ್ಮೆಲೇ ಸುರಿಯುವ ಬದಲು ಸಿಂಪಡಿಸಿ. ಸುರಿದ ಜಾಗದಲ್ಲಿ ದೊಡ್ಡ ಗಂಟು ಕಟ್ಟುತ್ತದೆ, ಅದರ ಪಕ್ಕದಲ್ಲೇ ಒಣಪುಡಿ ಹಾಗೇ ಉಳಿದಿರುತ್ತದೆ.

ಫ್ಲೂಯಿಡ್ ಬೆಡ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ನೀರು ಬರುತ್ತಲೂ ಇರುತ್ತದೆ, ಆರುತ್ತಲೂ ಇರುತ್ತದೆ. ಸಿಂಪಡಿಕೆ ಜಾಸ್ತಿಯಾದರೆ ಪುಡಿ ಒದ್ದೆಯಾಗಿ ಕುಸಿದು ಕೂರುತ್ತದೆ. ಕಡಿಮೆಯಾದರೆ ಹನಿ ಪುಡಿ ಮುಟ್ಟುವ ಮೊದಲೇ ಒಣಗಿ ಹೋಗುತ್ತದೆ, ಫಿಲ್ಟರ್ ಬ್ಯಾಗ್ ತುಂಬ ದೂಳು. ಮಳೆಗಾಲದಲ್ಲಿ ಒಳಗೆ ಬರುವ ಗಾಳಿಯೇ ತೇವವಾಗಿರುತ್ತದೆ. ಬೇಸಿಗೆಯಲ್ಲಿ ಸರಿ ಇದ್ದ ಸೆಟ್ಟಿಂಗ್ ಮಳೆಗಾಲದಲ್ಲಿ ಕೈಕೊಟ್ಟರೆ ಪುಡಿಯನ್ನೋ ಆಪರೇಟರನ್ನೋ ಬೈಯುವ ಮೊದಲು ಗಾಳಿಯ ತೇವ ನೋಡಿ.

ಹಂತ 5: ಒಣಗಿಸಿ, ಒಡೆದು, ಜರಡಿ ಹಿಡಿಯಿರಿ

100 ಕೆ.ಜಿ. ಒಣಪುಡಿಗೆ 20 ಕೆ.ಜಿ. ನೀರು ಹಾಕಿದ್ದೀರಿ ಅಂದುಕೊಳ್ಳಿ. ಒದ್ದೆ ರಾಶಿಯ ತೇವ 20 ಶೇಕಡಾ ಅಲ್ಲ. 120ರಲ್ಲಿ 20, ಅಂದರೆ 16.7 ಶೇಕಡಾ. ಪ್ರಯೋಗಾಲಯದವರು ಒಂದು ಲೆಕ್ಕದಲ್ಲಿ, ಉತ್ಪಾದನೆಯವರು ಇನ್ನೊಂದು ಲೆಕ್ಕದಲ್ಲಿ ಮಾತಾಡಿ ಜಗಳವಾಗುವುದು ಇಲ್ಲಿ. ಯಾವ ಲೆಕ್ಕ ಎಂದು ಫಾರ್ಮಿನಲ್ಲೇ ಬರೆಯಿರಿ. ಇದನ್ನು 2 ಶೇಕಡಾ ತೇವಕ್ಕೆ ಇಳಿಸಬೇಕಾದರೆ ಸುಮಾರು 18 ಕೆ.ಜಿ. ನೀರು ಆವಿಯಾಗಬೇಕು. ಕೆ.ಜಿ.ಗೆ ಸುಮಾರು 2,400 ಕಿಲೋಜೂಲ್ ಲೆಕ್ಕದಲ್ಲಿ ಅದಕ್ಕೆ 12 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು, ಅದೂ ಏನೂ ಸೋರದಿದ್ದರೆ. ಒಂದು ಕೆ.ಜಿ. ನೀರು ಉಳಿಸಿದರೆ ಎಷ್ಟು ಉಳಿತಾಯ ಎಂದು ಇದರಿಂದಲೇ ಗೊತ್ತಾಗುತ್ತದೆ.

ಆತುರಕ್ಕೆ ಬಿಸಿ ಜಾಸ್ತಿ ಮಾಡಬೇಡಿ. ಹರಳಿನ ಹೊರಮೈ ಬೇಗ ಒಣಗಿ ಚಿಪ್ಪು ಕಟ್ಟಿದರೆ ಒಳಗಿನ ನೀರು ಅಲ್ಲೇ ಉಳಿಯುತ್ತದೆ. ಮಿಲ್‌ಗೆ ಹಾಕಿದಾಗ ಆ ಚಿಪ್ಪು ಒಡೆದು, ಒಳಗಿನ ಒದ್ದೆ ಜರಡಿಗೆ ಮೆತ್ತಿಕೊಳ್ಳುತ್ತದೆ.

ಹಂತ 6: ಚಿಕ್ಕದರಿಂದ ದೊಡ್ಡದಕ್ಕೆ

ಪ್ರಯೋಗಾಲಯದ 30 ಸೆ.ಮೀ. ಬಟ್ಟಲಿನಲ್ಲಿ ಅಲಗು ನಿಮಿಷಕ್ಕೆ 300 ಸುತ್ತಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. 1.2 ಮೀಟರ್ ಬಟ್ಟಲಿಗೂ 300 ಸುತ್ತು ಇಟ್ಟರೆ ಅನಾಹುತ. ಅಲಗಿನ ತುದಿಯ ವೇಗ ಒಂದೇ ಇಡಬೇಕು ಅಂದರೆ 75 ಸುತ್ತು ಸಾಕು. ಪುಡಿ ಮೇಲೆದ್ದು ಬೀಳುವ ರೀತಿ ಒಂದೇ ಇರಲಿ ಅಂದರೆ, ಇದನ್ನು ಫ್ರೌಡ್ ಸಂಖ್ಯೆಯಿಂದ ಅಳೆಯುತ್ತಾರೆ, 150 ಸುತ್ತು ಬರುತ್ತದೆ. ಎರಡೂ ಲೆಕ್ಕ ಸರಿ, ಉತ್ತರ ಮಾತ್ರ ಬೇರೆ ಬೇರೆ. ಹಾಗಾಗಿ ಎರಡರ ನಡುವೆ ಮೂರು ಟ್ರಯಲ್ ಇಟ್ಟುಕೊಳ್ಳಿ. ದೊಡ್ಡ ಯಂತ್ರ ಕೊಳ್ಳುವ ಮೊದಲು ತಯಾರಕರ ಟ್ರಯಲ್ ಕೇಂದ್ರಕ್ಕೆ ನಿಮ್ಮದೇ ಪುಡಿ ತಗೊಂಡು ಹೋಗಿ. ಅವರ ಹತ್ತಿರ ಇರುವ ಮಾದರಿ ಪುಡಿಯಲ್ಲಿ ಯಾವ ಯಂತ್ರವೂ ಚೆನ್ನಾಗಿಯೇ ಓಡುತ್ತದೆ.

ಹಂತ 7: ದೂಳು, ಕಿಡಿ, ಅಲಗು

ಉರಿಯುವ ಪುಡಿ ಗಾಳಿಯಲ್ಲಿ ಮೋಡದಂತೆ ಹರಡಿ, ಒಂದು ಕಿಡಿ ಸಿಕ್ಕರೆ ಸ್ಫೋಟವಾಗುತ್ತದೆ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ದೂಳು ಸ್ಫೋಟವಾಗಿ 14 ಜನ ತೀರಿಕೊಂಡರು. ಸಕ್ಕರೆಯ ದೂಳು! ತೊಲೆಗಳ ಮೇಲೆ, ಪೈಪುಗಳ ಮೇಲೆ ಕೂತ ದೂಳನ್ನು ಸುಮ್ನೆ ಬಿಡಬೇಡಿ. ಕಂಪ್ರೆಸರ್ ಗಾಳಿಯಿಂದ ಊದಿ ಎಬ್ಬಿಸಲೂ ಬೇಡಿ, ದೂಳಿಗೆಂದೇ ಮಾಡಿದ ವ್ಯಾಕ್ಯೂಮ್‌ನಿಂದ ಎಳೆಯಿರಿ. ಪ್ರತಿ ಪಾತ್ರೆಗೂ ಅರ್ಥಿಂಗ್ ಇರಲಿ, ಫಿಲ್ಟರ್ ಬ್ಯಾಗಿಗೂ ಸಹ. ನೀರಿನ ಬದಲು ಆಲ್ಕೋಹಾಲ್‌ನಂಥ ದ್ರಾವಕ ಬಳಸುತ್ತೀರಾದರೆ, ಸ್ಫೋಟದ ಒತ್ತಡ ತಡೆಯುವಂತೆ ಕಟ್ಟಿದ ಯಂತ್ರವೇ ಬೇಕು. ಮಾಮೂಲಿ ಯಂತ್ರದಲ್ಲಿ ಒಂದು ಸಲ ಮಾತ್ರ ನೋಡೋಣ ಅನ್ನುವ ಮಾತೇ ಬೇಡ.

ಚಾಪರ್ ಅಥವಾ ರೋಲರ್ ಹತ್ತಿರ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಇಂಟರ್‌ಲಾಕ್ ಸ್ವಿಚ್‌ಗೆ ಆಯಸ್ಕಾಂತ ಅಂಟಿಸಿ ಯಂತ್ರವನ್ನು ಮೋಸ ಮಾಡಿಸುವುದನ್ನು ಕಂಡರೆ ಆ ಕ್ಷಣವೇ ಕೆಲಸ ನಿಲ್ಲಿಸಿ.

ತೊಳೆಯುವಾಗ ಮರೆಯುವ ಜಾಗಗಳು: ಚಾಪರ್ ದಂಡದ ಸೀಲ್ ಹಿಂಬದಿ, ದೊಡ್ಡ ಅಲಗಿನ ಅಡಿ, ಸ್ಪ್ರೇ ನಳಿಕೆಯ ತುದಿ, ಫಿಲ್ಟರ್ ಬ್ಯಾಗಿನ ಹೊಲಿಗೆ ಸಾಲು. ಹಿಂದಿನ ಮಾಲಿನ ಬಣ್ಣ ಮುಂದಿನ ಬ್ಯಾಚಿನಲ್ಲಿ ಕಂಡರೆ ಮೊದಲು ಈ ನಾಲ್ಕು ಜಾಗ ನೋಡಿ.

ಹಂತ 8: ಪ್ರತಿ ಬ್ಯಾಚಿನ ಲೆಕ್ಕ

ಜರಡಿಗಳ ಸಾಲಿನಲ್ಲಿ ಯಾವುದರ ಮೇಲೆ ಎಷ್ಟು ಉಳಿಯಿತು, ಕುಟ್ಟುವ ಮೊದಲು ಮತ್ತು ನಂತರದ ಮಟ್ಟ, ಉಳಿದ ತೇವ, ಹಾಕಿದ ನೀರು, ಮೋಟಾರ್ ಕರೆಂಟ್, ಆ ದಿನದ ಗಾಳಿಯ ಆರ್ದ್ರತೆ. ಇಷ್ಟನ್ನು ಬರೆಯಿರಿ. ಜೊತೆಗೆ ಬ್ಯಾಚಿನ ಒಂದು ಹಿಡಿ ಹರಳನ್ನು ಬಿಗಿ ಮುಚ್ಚಳದ ಪಾರದರ್ಶಕ ಬಾಟಲಿಯಲ್ಲಿ, ದಿನಾಂಕ ಬರೆದು, ಸಾಲಾಗಿ ಇಡಿ. ತಿಂಗಳು ಕಳೆದ ಮೇಲೆ ಯಾವುದೋ ಬ್ಯಾಚು ಯಾಕೋ ಬೇರೆ ಅನ್ನಿಸಿದರೆ, ಹಳೆಯ ಬಾಟಲಿಯನ್ನೂ ಹೊಸದನ್ನೂ ಒಟ್ಟಿಗೆ ಓರೆ ಮಾಡಿ. ಒಂದರ ಹರಳು ಸರ್ರನೆ ಜಾರುತ್ತದೆ, ಇನ್ನೊಂದರದ್ದು ಗಾಜಿಗೆ ದೂಳು ಹಿಡಿಸಿಕೊಂಡು ತಡವರಿಸುತ್ತದೆ. ಆ ದಿನಾಂಕದ ಪುಟ ತೆರೆದು ನೀರಿನ ಅಂಕಿಯಿಂದ ಹುಡುಕಲು ಶುರು ಮಾಡಿ.